ಮೂರು ರೂಪಾಯಿ ಬಡ್ಡಿ ಮತ್ತು ನಾನು ಓದಿದ ಅರ್ಥಶಾಸ್ತ್ರ

"ಮಿಸ್, ಹಂಗಾದ್ರೆ ಬ್ಯಾಂಕೇ ಜಾಸ್ತಿ ಅಲ್ವಾ?"

ಹತ್ತನೇ ಕ್ಲಾಸು, ಜನವರಿ ತಿಂಗಳು, ಮಧ್ಯಾಹ್ನ ಊಟ ಆದ ಮೇಲಿನ ಪೀರಿಯಡ್ಡು. 'ಹಣ ಮತ್ತು ಸಾಲ' ಪಾಠ ಮಾಡ್ತಿದ್ದೆ. ಬೋರ್ಡ್ ಮಧ್ಯೆ ಒಂದು ಗೆರೆ ಎಳೆದು ಈ ಕಡೆ ಬ್ಯಾಂಕು, ಸಹಕಾರ ಸಂಘ, ಸ್ವಸಹಾಯ ಸಂಘ, ಆ ಕಡೆ ಲೇವಾದೇವಿಗಾರರು, ಸಾಹುಕಾರರು, ನೆಂಟರು ಅಂತ ಬರೆದು, ಈ ಕಡೆ ಬಡ್ಡಿ ಕಡಿಮೆ, ಆ ಕಡೆ ಬಡ್ಡಿ ಜಾಸ್ತಿ ಅಂತ ಕೆಳಗೆ ಬರೆಸಿದ್ದೆ. ಆಗಲೇ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಈ ಪ್ರಶ್ನೆ ಕೇಳಿದ್ದು. ಯಾಕಪ್ಪಾ ಅಂದೆ. "ನಮ್ಮಪ್ಪ ಬ್ಯಾಂಕಿಗೆ ಹೋಗಿದ್ರು ಮಿಸ್, ಹನ್ನೆರಡು ಅಂದ್ರಂತೆ. ನಮ್ಮೂರಲ್ಲಿ ಮೂರು ರೂಪಾಯಿ ಬಡ್ಡಿಗೇ ಕೊಡ್ತಾರೆ" ಅಂದ. ಕ್ಲಾಸಲ್ಲಿ ಇನ್ನೂ ನಾಲ್ಕೈದು ತಲೆ ಹೌದು ಹೌದು ಅಂತ ಆಡಿದ್ವು.

ನಾನು ಏನು ಹೇಳ್ದೆ ಗೊತ್ತಾ. "ಪುಸ್ತಕದಲ್ಲಿ ಬ್ಯಾಂಕಲ್ಲೇ ಕಡಿಮೆ ಅಂತ ಇದೆ, ಪರೀಕ್ಷೇಲಿ ಹಾಗೇ ಬರೀಬೇಕು" ಅಂದೆ. ಅವನು ಕೂತ್ಕೊಂಡ. ಬರ್ಕೊಂಡ ಕೂಡ.

ಸಾಯಂಕಾಲ ಬಸ್ಸಲ್ಲಿ ಬರುವಾಗ ತಲೆಗೆ ಹೊಳೀತು. ನಮ್ಮ ಕಡೆ ಮೂರು ರೂಪಾಯಿ ಬಡ್ಡಿ ಅಂದ್ರೆ ನೂರಕ್ಕೆ ತಿಂಗಳಿಗೆ ಮೂರು. ಬ್ಯಾಂಕಿನವರು ಹನ್ನೆರಡು ಅಂದ್ರೆ ಅದು ವರ್ಷಕ್ಕೆ. 10,000 ರೂಪಾಯಿಗೆ ಒಂದು ವರ್ಷಕ್ಕೆ ಬ್ಯಾಂಕಲ್ಲಿ 1,200, ಊರಲ್ಲಿ 3,600. ಇಷ್ಟೇ. ಇದು ನನಗೆ ಗೊತ್ತಿಲ್ಲದ್ದಲ್ಲ, ನಮ್ಮಮ್ಮನೂ ಎರಡು ರೂಪಾಯಿ ಬಡ್ಡಿಗೆ ತಂದು ನನ್ನ ಬಿ.ಎಡ್ ಫೀಸ್ ಕಟ್ಟಿದ್ದು, ಅದನ್ನ ತೀರಿಸಿದ್ದು ನಾನೇ. ಆದ್ರೆ ಮನೇಲಿ ಗೊತ್ತಿದ್ದ ಬಡ್ಡಿ ಕ್ಲಾಸ್ ರೂಮಿಗೆ ಬಂದಾಗ ಎಲ್ಲಿ ಹೋಯ್ತು? ಆ ಹುಡುಗನ ಅಪ್ಪ ಆ ವಾರ ಬ್ಯಾಂಕ್ ಬಿಟ್ಟು ಊರಲ್ಲೇ ಸಾಲ ತಗೊಂಡಿದ್ರೆ? ಮಗ ಮನೆಗೆ ಹೋಗಿ ಸರಿಯಾದ ಲೆಕ್ಕ ಹೇಳಬಹುದಾಗಿತ್ತು, ಹೇಳಿಕೊಡೋ ಕೆಲಸ ನನ್ನದಾಗಿತ್ತು, ನಾನು ಪರೀಕ್ಷೇಲಿ ಹಾಗೇ ಬರಿ ಅಂದುಬಿಟ್ಟೆ. ಮಾರನೇ ದಿನ ಸರಣಿ ಪರೀಕ್ಷೆ, ಆಮೇಲೆ ಭಾನುವಾರ, ನಾಲ್ಕು ದಿನ ಆದ್ಮೇಲೆ ಅದೇ ಬೋರ್ಡ್ ಮೇಲೆ ಲೆಕ್ಕ ಹಾಕಿ ತೋರಿಸ್ದೆ. ಆ ನಾಲ್ಕು ದಿನ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಇದನ್ನ ಯಾಕೆ ಬರೀತಿದ್ದೀನಿ ಅಂದ್ರೆ, ಹೈಸ್ಕೂಲಲ್ಲಿ ಅರ್ಥಶಾಸ್ತ್ರ ಪಾಠ ಮಾಡೋ ನಾವು ಎಷ್ಟು ತಯಾರಾಗಿ ಬಂದಿರ್ತೀವಿ ಅಂತ ಆವತ್ತಿಂದ ಯೋಚನೆ ಮಾಡ್ತಾನೇ ಇದ್ದೀನಿ. ಕೋಲಾರ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ 19 ವರ್ಷ ಆಯ್ತು ನನಗೆ. ಗೊತ್ತಿಲ್ಲದವರಿಗೆ ಹೇಳ್ಬೇಕು ಅಂದ್ರೆ ನಮ್ಮ ಕಡೆ ಹೈಸ್ಕೂಲಿಗೆ ಅರ್ಥಶಾಸ್ತ್ರದ ಟೀಚರ್ ಅಂತ ಬೇರೆ ಯಾರೂ ಇಲ್ಲ. ಸಮಾಜ ವಿಜ್ಞಾನ ಅನ್ನೋ ಒಂದೇ ಸಬ್ಜೆಕ್ಟಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಆರೂ ಇರುತ್ತೆ, ಆರಕ್ಕೂ ಒಬ್ಬರೇ ಟೀಚರು. ಪಿಯುಸಿಗೆ ಹೋದ್ರೆ ಅಲ್ಲಿ ಎಂ.ಎ ಅರ್ಥಶಾಸ್ತ್ರ ಮಾಡಿದ ಲೆಕ್ಚರರ್ ಇರ್ತಾರೆ. ಆದ್ರೆ ಎಸ್‌ಎಸ್‌ಎಲ್‌ಸಿಗೇ ಓದು ಬಿಡೋರು, ಸೈನ್ಸ್ ತಗೊಳ್ಳೋರು, ಐಟಿಐ, ಡಿಪ್ಲೊಮಾಗೆ ಹೋಗೋರು, ಇವರೆಲ್ಲರಿಗೂ ಜೀವನದಲ್ಲಿ ಅರ್ಥಶಾಸ್ತ್ರ ಅಂತ ಯಾರಾದ್ರೂ ಹೇಳಿಕೊಡೋದು ನಾವೇ ಕೊನೆ.

ಬಿ.ಎ.ಯಲ್ಲಿ ನನ್ನದು ಹೆಚ್‌ಇಕೆ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಅಂದ್ರೆ ಮೂರು ವರ್ಷ ಅರ್ಥಶಾಸ್ತ್ರ ಓದಿದ್ದೀನಿ, ಫಸ್ಟ್ ಕ್ಲಾಸ್ ಮಾರ್ಕ್ಸೂ ಇದೆ. ಬೇಡಿಕೆಯ ನಿಯಮವನ್ನು ರೇಖಾಚಿತ್ರದೊಂದಿಗೆ ವಿವರಿಸಿ ಅಂದ್ರೆ ಈಗಲೂ ಕಣ್ಣು ಮುಚ್ಕೊಂಡು ಬರೀತೀನಿ. ಆದ್ರೆ ಆ ರೇಖೆ ಯಾಕೆ ಎಡದಿಂದ ಬಲಕ್ಕೆ ಇಳಿಯುತ್ತೆ ಅಂತ ನಮ್ಮೂರ ಸಂತೆ ಇಟ್ಕೊಂಡು ಒಂದು ಮಾತು ಹೇಳು ಅಂತ ಆ ಮೂರು ವರ್ಷದಲ್ಲಿ ಯಾರೂ ಕೇಳಿಲ್ಲ, ನಾವೂ ಕೇಳ್ಕೊಂಡಿಲ್ಲ. ನೋಟ್ಸ್ ಡಿಕ್ಟೇಟ್ ಮಾಡೋರು, ಬರ್ಕೊಳ್ತಿದ್ವಿ, ಪರೀಕ್ಷೆ ಹಿಂದಿನ ದಿನ ಗೈಡ್ ಓದ್ತಿದ್ವಿ. ಆಮೇಲೆ ಬಿ.ಎಡ್. ಅಲ್ಲಿ ಪಾಠಯೋಜನೆ, ಪೀಠಿಕೆ ಪ್ರಶ್ನೆ, ಪಾಠೋಪಕರಣ. ನನ್ನ ಪ್ರಾಕ್ಟೀಸ್ ಟೀಚಿಂಗಲ್ಲಿ ವಸ್ತು ವಿನಿಮಯ ಪದ್ಧತಿ ಪಾಠಕ್ಕೆ ಒಂದು ದೊಡ್ಡ ಚಾರ್ಟ್ ಮಾಡಿದ್ದೆ, ಒಬ್ಬ ರಾಗಿ ಮೂಟೆ ಹೊತ್ಕೊಂಡಿದ್ದಾನೆ, ಇನ್ನೊಬ್ಬ ಮೇಕೆ ಹಿಡ್ಕೊಂಡಿದ್ದಾನೆ. ವೀಕ್ಷಣೆಗೆ ಬಂದಿದ್ದ ಲೆಕ್ಚರರ್ ಚಾರ್ಟ್ ಚೆನ್ನಾಗಿದೆ, ಬೋರ್ಡ್ ಬರವಣಿಗೆ ನೇರ ಇರಲಿ, ಧ್ವನಿ ಹಿಂದಿನವರಿಗೂ ಕೇಳಿಸಲಿ ಅಂತ ಬರೆದ್ರು. ಪಾಠದ ಒಳಗೆ ನಾನು ಹೇಳಿದ್ದು ಸರಿಯೋ ತಪ್ಪೋ ಅಂತ ಒಂದು ಗೆರೆನೂ ಇರಲಿಲ್ಲ. ಅವರನ್ನ ದೂರ್ತಿಲ್ಲ ನಾನು, ಅವರ ಕೆಲಸ ಮೆಥಡ್ ನೋಡೋದು. ವಿಷಯ ಬಿ.ಎ.ಯಲ್ಲಿ ಬಂದಿದೆ ಅಂತ ಬಿ.ಎಡ್‌ನವರು ಅಂದ್ಕೋತಾರೆ, ಪಾಠ ಹೇಳೋದು ಹೇಗೆ ಅಂತ ಬಿ.ಎಡ್‌ನಲ್ಲಿ ಕಲಿತಾರೆ ಅಂತ ಡಿಗ್ರಿಯವರು ಅಂದ್ಕೋತಾರೆ. ಓದಿದ ಅರ್ಥಶಾಸ್ತ್ರನ ಒಂದು ಮಗುವಿನ ಮನೆಯ ಲೆಕ್ಕಕ್ಕೆ ಹಚ್ಚೋದು ಹೇಗೆ ಅನ್ನೋದು ಎರಡರ ಮಧ್ಯೆ ಬಿದ್ದು ಹೋಗಿದೆ, ಅದನ್ನ ಎತ್ಕೊಳ್ಳೋರು ಯಾರೂ ಇಲ್ಲ. ಬಿ.ಎಡ್ ಎರಡು ವರ್ಷ ಆದ್ಮೇಲಾದ್ರೂ ಸರಿ ಹೋಗುತ್ತೆ ಅಂದ್ಕೊಂಡಿದ್ದೆ, ಈಗ ನಮ್ಮ ಸ್ಕೂಲಿಗೆ ಇಂಟರ್ನ್‌ಶಿಪ್‌ಗೆ ಬರೋ ಹುಡುಗೀರನ್ನ ನೋಡಿದ್ರೆ ಚಾರ್ಟ್ ಜಾಗಕ್ಕೆ ಪಿಪಿಟಿ ಬಂದಿದೆ ಅಷ್ಟೇ, ರಾಗಿ ಮೂಟೆ, ಮೇಕೆ ಹಾಗೇ ಇವೆ.

ನಾನಾದ್ರೂ ಓದಿದ್ದೆ. ಪಕ್ಕದ ಊರಿನ ಸ್ಕೂಲಲ್ಲಿ ನನ್ನ ಸ್ನೇಹಿತೆ ಒಬ್ಬಳಿದ್ದಾಳೆ, ಅವಳ ಬಿ.ಎ.ಯಲ್ಲಿ ಅರ್ಥಶಾಸ್ತ್ರವೇ ಇರಲಿಲ್ಲ. ಇತಿಹಾಸ ಅಂದ್ರೆ ಅವಳಿಗೆ ಪ್ರಾಣ, ಹೈದರ್, ಟಿಪ್ಪು ಪಾಠ ಮಾಡಿದ್ರೆ ಪಕ್ಕದ ಕ್ಲಾಸಿನ ಮಕ್ಕಳೂ ಕಿಟಕಿಯಲ್ಲಿ ನಿಂತು ಕೇಳ್ತಾರೆ. ಅದೇ ಸಾರ್ವಜನಿಕ ಹಣಕಾಸು ಪಾಠ ಬಂದ್ರೆ ಅವಳ ಮುಖ ಸಣ್ಣಗಾಗುತ್ತೆ. ಪುಸ್ತಕದಲ್ಲಿ ಅರ್ಥಶಾಸ್ತ್ರ ಬರೋದೇ ಕೊನೆ ಕಡೆ, ಅಷ್ಟೊತ್ತಿಗೆ ಸಿಲಬಸ್ ಮುಗಿಸೋ ಅವಸರ, ಪಾಸಿಂಗ್ ಪ್ಯಾಕೇಜ್, ವಿಶೇಷ ತರಗತಿ. ಬ್ಲೂಪ್ರಿಂಟಲ್ಲಿ ಎಷ್ಟು ಮಾರ್ಕ್ಸ್ ಬರುತ್ತೆ ನೋಡಿ ಎರಡು ಪ್ರಶ್ನೆ ಬಾಯಿಪಾಠ ಮಾಡಿಸಿ ಮುಂದಕ್ಕೆ ಹೋಗ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೀನಿ, ರಿಸಲ್ಟೂ ಚೆನ್ನಾಗೇ ಬಂದಿದೆ, ಅದಕ್ಕೇ ಯಾರಿಗೂ ಇದೊಂದು ಸಮಸ್ಯೆ ಅಂತ ಅನ್ನಿಸೋದೇ ಇಲ್ಲ.

ಇನ್ನೊಂದು ಕಷ್ಟ ಇದೆ. ಇತಿಹಾಸದಲ್ಲಿ ಪ್ಲಾಸಿ ಕದನ 1757, ಅದು ನಾಳೆ ಬದಲಾಗಲ್ಲ. ಅರ್ಥಶಾಸ್ತ್ರ ಹಾಗಲ್ಲ. ನಾನು ಕೆಲಸಕ್ಕೆ ಸೇರಿದಾಗ ಯೋಜನಾ ಆಯೋಗ, ಪಂಚವಾರ್ಷಿಕ ಯೋಜನೆ ಅಂತ ಪಾಠ ಮಾಡ್ತಿದ್ದೆ, 2015ಕ್ಕೆ ಆಯೋಗ ಹೋಗಿ ನೀತಿ ಆಯೋಗ ಬಂತು. ರೈಲ್ವೆ ಬಜೆಟ್ ಬೇರೆ ಇತ್ತು, 2017ರಿಂದ ಒಂದೇ ಆಯ್ತು. ಅದೇ ವರ್ಷ ಜುಲೈ 1ಕ್ಕೆ ಜಿಎಸ್‌ಟಿ. ನಮ್ಮ ಹತ್ರ ಇದ್ದ ನೋಟ್ಸಲ್ಲಿ ಅಬಕಾರಿ ಸುಂಕ, ಮಾರಾಟ ತೆರಿಗೆ, ಸೇವಾ ತೆರಿಗೆ ಅಂತ ಉದ್ದ ಪಟ್ಟಿ, ಮಕ್ಕಳ ಕೈಲಿ ಅಂಗಡಿ ಬಿಲ್ಲು, ಅದರಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. ಇವೆರಡು ಯಾಕೆ ಸಮ ಸಮ ಇದೆ ಮಿಸ್ ಅಂತ ಒಬ್ಬಳು ಕೇಳಿದ್ಲು. ಒಂದು ಕೇಂದ್ರಕ್ಕೆ, ಒಂದು ರಾಜ್ಯಕ್ಕೆ ಅನ್ನೋದನ್ನ ನಾನು ಆವತ್ತು ಕಲಿತದ್ದು ಟ್ರೈನಿಂಗಲ್ಲಿ ಅಲ್ಲ, ನಮ್ಮೆಜಮಾನರ ಫ್ರೆಂಡ್ ಒಬ್ಬರು ಅಕೌಂಟೆಂಟು, ಅವರಿಗೆ ಫೋನ್ ಮಾಡಿ. 2025ರ ಸೆಪ್ಟೆಂಬರಲ್ಲಿ ಮತ್ತೆ ಸ್ಲ್ಯಾಬು, ಅಂದ್ರೆ ತೆರಿಗೆ ದರದ ಹಂತ, ಬದಲಾಯ್ತು, ಶೇಕಡಾ 12 ಮತ್ತು 28 ತೆಗೆದು ಬಹುತೇಕ ಎಲ್ಲ 5 ಮತ್ತು 18ಕ್ಕೆ ತಂದ್ರು. ಇದೆಲ್ಲ ನಮಗೆ ತಲುಪೋದು ಟಿವಿ ಸ್ಕ್ರೋಲಿಂಗಲ್ಲಿ, ವಾಟ್ಸ್ಯಾಪ್ ಫಾರ್ವರ್ಡಲ್ಲಿ. ಆ ಫಾರ್ವರ್ಡಲ್ಲಿ ಅರ್ಧ ಸುಳ್ಳೇ ಇರುತ್ತೆ. ಯಾವುದು ಸುಳ್ಳು ಅಂತ ಕಂಡುಹಿಡಿಯೋ ತಯಾರಿ ನಮಗೆ ಇರ್ಬೇಕಲ್ವಾ, ಮಕ್ಕಳಿಗೆ ಹೇಳೋಕಿಂತ ಮುಂಚೆ?

ಮಕ್ಕಳಿಗೆ ಏನೂ ಗೊತ್ತಿಲ್ಲ ಅಂತ ಮಾತ್ರ ಯಾರೂ ಅಂದ್ಕೋಬೇಡಿ. ನಮ್ಮ ಕ್ಲಾಸಲ್ಲಿ ಅರ್ಧಕ್ಕಿಂತ ಜಾಸ್ತಿ ಟೊಮೆಟೊ ಬೆಳೆಯೋರ ಮನೆ ಮಕ್ಕಳು. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಬಡ್ಡಿಗೆ ವಡ್ಡಿ ಅಂತಾರೆ, ಆದ್ರೆ ಮಂಡಿ ರೇಟು ನನಗಿಂತ ಮುಂಚೆ ಅವರಿಗೆ ಗೊತ್ತಿರುತ್ತೆ. 2023ರ ಜುಲೈಯಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆಗ ಒಬ್ಬ ಹುಡುಗ ವಾರಗಟ್ಟಲೆ ಸ್ಕೂಲಿಗೇ ಬರಲಿಲ್ಲ, ರಾತ್ರಿ ತೋಟ ಕಾಯೋಕೆ. ಕೆಲವೇ ತಿಂಗಳಲ್ಲಿ ರೇಟು ನೆಲ ಕಚ್ಚಿತು. ಅದೇ ಹುಡುಗ ಬಂದು ಕೇಳ್ದ, "ಬೇಡಿಕೆ ಜಾಸ್ತಿ ಆದ್ರೆ ಬೆಲೆ ಜಾಸ್ತಿ ಅಂದ್ರಿ. ಜನ ಈಗಲೂ ಅಷ್ಟೇ ತಿಂತಾರಲ್ವಾ ಮಿಸ್, ಮತ್ತೆ ಯಾಕೆ ಬಿತ್ತು?" ಎಷ್ಟು ಒಳ್ಳೇ ಪ್ರಶ್ನೆ ಅದು. ಉತ್ತರ ಅವನ ಬಾಯಲ್ಲೇ ಅರ್ಧ ಇತ್ತು, ರೇಟ್ ಬಂತು ಅಂತ ಎಲ್ಲರೂ ಒಟ್ಟಿಗೇ ನಾಟಿ ಮಾಡಿದ್ರು, ಎರಡೂವರೆ ಮೂರು ತಿಂಗಳಿಗೆ ಎಲ್ಲರ ಹಣ್ಣೂ ಒಟ್ಟಿಗೇ ಮಂಡಿಗೆ ಬಂತು. ಇವತ್ತಿನ ಬೆಲೆ ನೋಡಿ ನಾಟಿ ಮಾಡ್ತೀವಿ, ಮಾರೋದು ನಾಳೆಯ ಬೆಲೆಗೆ. ಇದಕ್ಕೆ ಅರ್ಥಶಾಸ್ತ್ರದಲ್ಲಿ ಕಾಬ್‌ವೆಬ್ ಅಂತ, ಜೇಡರ ಬಲೆ ಅಂತ ಒಂದು ಹೆಸರೇ ಇದೆ ಅಂತ ನನಗೆ ಹೇಳಿದ್ದು ಪಿಯು ಕಾಲೇಜಿನ ಲೆಕ್ಚರರ್ ಒಬ್ಬರು. ಅವರು ಪೇಪರ್ ಮೇಲೆ ಬೆಲೆ, ಬೆಳೆ, ಮತ್ತೆ ಬೆಲೆ ಅಂತ ಗೆರೆ ಸುತ್ತಿಸಿ ಸುತ್ತಿಸಿ ಬಲೆ ತರಹ ಬರೆದು ತೋರಿಸಿದಾಗ ನನಗೆ ಕಣ್ಣಲ್ಲಿ ನೀರು ಬಂತು, ನಿಜವಾಗ್ಲೂ. ನಾಲ್ಕೈದು ವರ್ಷಕ್ಕೊಂದ್ಸಲ ರಸ್ತೆ ಪಕ್ಕ ಸುರಿದಿರೋ ಟೊಮೆಟೊ ನೋಡ್ಕೊಂಡೇ ಬಸ್ಸಲ್ಲಿ ಓಡಾಡಿದ್ದೀನಿ, ಅದಕ್ಕೊಂದು ವಿವರಣೆ ಇದೆ, ಅದನ್ನ ಹತ್ತನೇ ಕ್ಲಾಸಿನ ಮಗುಗೆ ಹತ್ತು ನಿಮಿಷದಲ್ಲಿ ಹೇಳಬಹುದು ಅಂತ ಗೊತ್ತೇ ಇರಲಿಲ್ಲ.

ಬಜೆಟ್ ಪಾಠದ ಕಥೆ ಇನ್ನೂ ಬೇರೆ. ಕೊರತೆ ಅಂದ್ರೆ ಸರ್ಕಾರಕ್ಕೆ ಲಾಸು ಅಂತ ಎಷ್ಟೋ ವರ್ಷ ಹೇಳಿಕೊಟ್ಟಿದ್ದೀನಿ, ತಪ್ಪು ಅದು. ವಿತ್ತೀಯ ಕೊರತೆ ಅಂದ್ರೆ ಸರ್ಕಾರ ಆ ವರ್ಷ ಎಷ್ಟು ಸಾಲ ಮಾಡ್ಬೇಕು ಅನ್ನೋ ಲೆಕ್ಕ. ಆ ಸಾಲ ಯಾವುದಕ್ಕೆ ಅನ್ನೋದು ಮುಖ್ಯ. ಈಗ ನಾನು ಹೇಳೋದು ಹೀಗೆ: ಅಪ್ಪ ಬೋರ್‌ವೆಲ್ ಕೊರೆಸೋಕೆ ಸಾಲ ಮಾಡಿದ್ರು, ನೀರು ಬಂದ್ರೆ ಬೆಳೆ ಬಂದು ತೀರುತ್ತೆ. ಮದುವೆ ಊಟಕ್ಕೆ ಮಾಡಿದ್ರೆ ಅದು ಅವತ್ತೇ ಮುಗೀತು. ಸರ್ಕಾರದಲ್ಲೂ ಬಂಡವಾಳ ವೆಚ್ಚ, ಕಂದಾಯ ವೆಚ್ಚ ಅಂತ ಹೆಚ್ಚುಕಮ್ಮಿ ಹೀಗೇ ಎರಡು ಖಾತೆ. ರಸ್ತೆ, ಅಣೆಕಟ್ಟು ಬಂಡವಾಳ ಖಾತೆ, ಸಂಬಳ, ಸಬ್ಸಿಡಿ, ಬಡ್ಡಿ ಕಂದಾಯ ಖಾತೆ. ಇಷ್ಟು ಹೇಳಿದ ತಕ್ಷಣ ಮುಂದಿನ ಬೆಂಚಿನ ಹುಡುಗಿ, "ಹಂಗಾದ್ರೆ ನಿಮ್ಮ ಸಂಬಳ ಮದುವೆ ಊಟದ ತರಹನಾ ಮಿಸ್?" ಅಂದ್ಲು. ಕ್ಲಾಸೆಲ್ಲಾ ಸುಮ್ಮನಾಯ್ತು, ಬೈತೀನಿ ಅಂದ್ಕೊಂಡ್ರೇನೋ. ಲೆಕ್ಕದ ಪುಸ್ತಕದಲ್ಲಿ ಹೌದು, ಟೀಚರ್ ಸಂಬಳ ಕಂದಾಯ ವೆಚ್ಚವೇ, ಆದ್ರೆ ನೀವೆಲ್ಲ ಓದಿ ದುಡಿಯೋದು ಮುಂದಿನ ಮೂವತ್ತು ನಲವತ್ತು ವರ್ಷ ಬರುತ್ತಲ್ಲ, ಅದನ್ನ ಆ ಖಾತೆ ಎಣಿಸಲ್ಲ, ಆ ವಿಂಗಡಣೆಯಲ್ಲಿ ಇರೋ ಕೊರತೆ ಅದು ಅಂತ ಹೇಳ್ದೆ. ಹತ್ತು ವರ್ಷದ ಹಿಂದೆ ಈ ಪ್ರಶ್ನೆ ಬಂದಿದ್ರೆ ನಾನು ಖಂಡಿತ ಅಧಿಕಪ್ರಸಂಗ ಅಂತ ಕೂರಿಸಿಬಿಡ್ತಿದ್ದೆ. ಟೀಚರ್ ತಯಾರಿಲ್ಲ ಅಂದ್ರೆ ಮಗುವಿನ ಒಳ್ಳೇ ಪ್ರಶ್ನೆ ಅಧಿಕಪ್ರಸಂಗ ಆಗಿಬಿಡುತ್ತೆ, ಇದು ನನಗೆ ಬಹಳ ನೋವು ಕೊಡೋ ವಿಷಯ.

ಟ್ರೈನಿಂಗ್ ಇಲ್ವಾ ಅಂತ ಕೇಳ್ತೀರಿ. ಇದೆ, ಆಗಾಗ ಕರೀತಾರೆ. ನಾನು ಹೋಗಿರೋ ಕಡೆ ಹೆಚ್ಚು ಹೊತ್ತು ಹೋಗೋದು ಪ್ರಶ್ನೆಪತ್ರಿಕೆ ಸ್ವರೂಪ, ಬ್ಲೂಪ್ರಿಂಟ್, ಫಲಿತಾಂಶ ಸುಧಾರಣೆ ಇದಕ್ಕೆ. ಎನ್‌ಸಿಎಫ್‌ಇ ಅಂತ ಒಂದು ಸಂಸ್ಥೆ ಇದೆ, 8ರಿಂದ 10ನೇ ಕ್ಲಾಸ್ ಟೀಚರ್‌ಗಳಿಗೇ ಹಣಕಾಸು ಶಿಕ್ಷಣದ ತರಬೇತಿ ಕೊಡುತ್ತೆ, ಆರ್‌ಬಿಐ ವರ್ಷಕ್ಕೊಂದು ವಾರ ಹಣಕಾಸು ಸಾಕ್ಷರತೆ ಸಪ್ತಾಹ ಮಾಡುತ್ತೆ. ಒಳ್ಳೇದೇ, ಓಟಿಪಿ ಯಾರಿಗೂ ಹೇಳಬೇಡಿ, ಉಳಿತಾಯ ಮಾಡಿ ಅನ್ನೋದು ಬೇಕೇ ಬೇಕು. ಆದ್ರೆ ಅಷ್ಟಕ್ಕೇ ನಿಂತ್ರೆ ತಪ್ಪೆಲ್ಲಾ ದುಡ್ಡಿಲ್ಲದವರದ್ದೇ ಅನ್ನೋ ಹಾಗಾಗುತ್ತೆ. ಟೊಮೆಟೊ ಬಾಕ್ಸಿಗೆ ರೇಟಿಲ್ಲದೆ ಸಾಲ ಮಾಡಿದವರಿಗೆ ಉಳಿತಾಯ ಮಾಡಿ ಅಂದ್ರೆ ಎಲ್ಲಿಂದ ಮಾಡ್ತಾರೆ. ಬೆಲೆ ಯಾಕೆ ಬಿತ್ತು, ಬಡ್ಡಿ ಯಾಕೆ ಅಷ್ಟು, ಬ್ಯಾಂಕ್ ಯಾಕೆ ಇವರಿಗೆ ಕೊಡಲ್ಲ, ಇದನ್ನ ಹೇಳೋದು ಅರ್ಥಶಾಸ್ತ್ರ.

ನಮ್ಮ ನೆಲದಲ್ಲೇ ಎಷ್ಟು ಸರಕು ಇದೆ ನೋಡಿ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರಿಗೆ ಸಾಲ ಕೊಡೋ ಸಹಕಾರ ಸಂಘ ಕಟ್ಟಿದ್ರು. 1906ರಲ್ಲಿ ಮಂಗಳೂರಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಶುರುವಾದ್ವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರು ಮಾಡಿದ್ರು, ದಿನಾ ಬಾಗಿಲಿಗೆ ಬಂದು ಚಿಲ್ಲರೆ ಕಾಸು ಕಟ್ಟಿಸಿಕೊಳ್ಳೋದು. ಇವತ್ತಿಗೂ ನಮ್ಮ ಸ್ಕೂಲ್ ಎದುರಿನ ಬೇಕರಿಗೆ ಪಿಗ್ಮಿ ಕಲೆಕ್ಟ್ ಮಾಡೋರು ಮೆಷಿನ್ ಹಿಡ್ಕೊಂಡು ಬರ್ತಾರೆ, ಮಕ್ಕಳು ದಿನಾ ನೋಡ್ತಾರೆ. ನಾವು ಕೈಯಲ್ಲಿ ಹಿಡಿಯೋ ನೋಟಲ್ಲಿ ಎಷ್ಟೋ ಮೈಸೂರಲ್ಲೇ ಪ್ರಿಂಟ್ ಆಗೋದು. ಬ್ಯಾಂಕ್ ರಾಷ್ಟ್ರೀಕರಣ 1969 ಅಂತ ಒಂದು ಮಾರ್ಕಿನ ಪ್ರಶ್ನೆಗೆ ಬಾಯಿಪಾಠ ಮಾಡಿಸೋ ನನಗೆ, ಆ 14 ಬ್ಯಾಂಕುಗಳಲ್ಲಿ ಎರಡು ನಮ್ಮ ಕರಾವಳಿಯವು ಅನ್ನೋದು ನಲವತ್ತು ದಾಟಿದ ಮೇಲೆ ತಿಳೀತು. ಕೆನರಾ, ಸಿಂಡಿಕೇಟ್. ಈಗ ಸಿಂಡಿಕೇಟ್ ಇಲ್ಲ, 2020ರಲ್ಲಿ ಕೆನರಾ ಜೊತೆ ಸೇರಿಹೋಯ್ತು.

ಕಳೆದ ಎರಡು ವರ್ಷದಿಂದ ನಾನು 'ಹಣ ಮತ್ತು ಸಾಲ' ಪಾಠನ ಜನವರಿಗೆ ಬಿಡೋದಿಲ್ಲ, ದಸರಾ ರಜೆ ಮುಗಿದ ತಕ್ಷಣ ತಗೋತೀನಿ. ಮನೇಲಿ ಸಂಘದ ಪುಸ್ತಕ ಇದ್ರೆ, ಫೈನಾನ್ಸ್ ಕಾರ್ಡ್ ಇದ್ರೆ, ಅಮ್ಮನ್ನ ಕೇಳಿ ತನ್ನಿ, ಯಾರ ಹೆಸರೂ ಓದಲ್ಲ ಅಂತ ಮೊದಲೇ ಹೇಳ್ತೀನಿ. 2025ರ ಶುರುವಲ್ಲಿ ಮೈಕ್ರೋ ಫೈನಾನ್ಸ್ ಕಾಟಕ್ಕೆ ಜನ ಊರು ಬಿಟ್ಟ ಸುದ್ದಿ ದಿನಾ ಬರ್ತಿತ್ತು, ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು. ಆವತ್ತಿಂದ ಮಕ್ಕಳು ಈ ವಿಷಯಕ್ಕೆ ಬೇರೆ ಥರಾನೇ ಕಿವಿ ಕೊಡ್ತಾರೆ.

ಒಬ್ಬಳು ಹುಡುಗಿ ತಂದಿದ್ದು ಹಳದಿ ಬಣ್ಣದ ಒಂದು ಚಿಕ್ಕ ಕಾರ್ಡು, ಬೆವರಿಗೆ ಮೂಲೆ ಮೆತ್ತಗಾಗಿತ್ತು. ಅವರಮ್ಮ ಸಂತೇಲಿ ತರಕಾರಿ ಮಾರ್ತಾರೆ. ಕಾರ್ಡ್ ಮೇಲೆ 10,000 ಅಂತ ಇದೆ, ಕೆಳಗೆ ಹತ್ತು ಮನೆ, ವಾರಕ್ಕೆ ಸಾವಿರ ಕಟ್ಟಿದ ಹಾಗೆ ಒಂದೊಂದು ಸೈನು. ಕೈಗೆ ಎಷ್ಟು ಬಂತಮ್ಮ ಅಂದೆ. ಎಂಟೂವರೆ ಸಾವಿರ ಮಿಸ್, ಒಂದೂವರೆ ಮೊದಲೇ ಹಿಡ್ಕೋತಾರೆ. ಹಾಗಾದ್ರೆ ಬಡ್ಡಿ ಎಷ್ಟು ಅಂದೆ, ನೂರಕ್ಕೆ ಹದಿನೈದು ಅಂತ ಎಲ್ಲರೂ ಕೂಗಿದ್ರು. ಬೋರ್ಡ್ ಮೇಲೆ ಹತ್ತು ವಾರ ಸಾಲಾಗಿ ಬರೆದ್ವಿ. ಕೈಗೆ ಬಂದದ್ದೇ 8,500, ಅದೂ ಹತ್ತು ವಾರ ಪೂರ್ತಿ ಕೈಯಲ್ಲಿ ಇರಲ್ಲ, ವಾರ ವಾರ ಕರಗ್ತಾ ಹೋಗುತ್ತೆ, ಸರಾಸರಿ ನೋಡಿದ್ರೆ ಹತ್ತಿರ ಹತ್ತಿರ 4,700 ರೂಪಾಯಿಯಷ್ಟೇ ಅಮ್ಮ ಬಳಸಿದ್ದು. ಅಷ್ಟಕ್ಕೆ 1,500 ಬಡ್ಡಿ, ಅದೂ ಹತ್ತೇ ವಾರಕ್ಕೆ. ವರ್ಷಕ್ಕೆ 52 ವಾರ. ಹುಡುಗಿ ತಾನೇ ಚಾಕ್ ತಗೊಂಡು ಗುಣಿಸಿದ್ಲು, ನೂರಕ್ಕೆ ನೂರೈವತ್ತು ದಾಟ್ತು. ಒಂದು ಸಲ ತಪ್ಪಾಗಿದೆ ಅಂತ ಒರೆಸಿ ಮತ್ತೆ ಮಾಡಿದ್ಲು, ಅದೇ ಬಂತು. ಕಾರ್ಡ್ ಮಡಚಿ ಕಂಪಾಸ್ ಬಾಕ್ಸಲ್ಲಿ ಇಟ್ಕೊಂಡು ಹೋಗಿ ಕೂತ್ಲು. ಆಮೇಲೆ ಮೆಲ್ಲಗೆ, "ಬ್ಯಾಂಕಲ್ಲಿ ಅಮ್ಮಂಗೆ ಕೊಡ್ತಾರಾ ಮಿಸ್?" ಅಂದ್ಲು. ಬೀದಿ ವ್ಯಾಪಾರಿಗಳಿಗೆ ಅಂತಲೇ 2020ರಲ್ಲಿ ಪಿಎಂ ಸ್ವನಿಧಿ ಸಾಲ ಯೋಜನೆ ಬಂತು, ಅಡಮಾನ ಇಲ್ಲದೆ ಮೊದಲ ಸಲ 10,000 ಕೊಡ್ತಿದ್ರು ಅಂತ ಹೇಳೋಕೆ ನನಗೆ ಆಯ್ತು, ಹಿಂದಿನ ರಾತ್ರಿ ಓದ್ಕೊಂಡು ಬಂದಿದ್ದೆ. ಅವರಮ್ಮನಿಗೆ ಅದು ಸಿಗುತ್ತಾ, ಇಲ್ಲಾಂದ್ರೆ ಸಂಘದಿಂದ ಏನಾದ್ರೂ ಆಗುತ್ತಾ ಅಂತ ಶನಿವಾರ ಇಬ್ಬರೂ ಜೊತೆಗೆ ಹೋಗಿ ವಿಚಾರಿಸಿದ್ವಿ. ಅರ್ಜಿ ಇನ್ನೂ ಓಡಾಡ್ತಿದೆ.

ಹೋದ ವಾರ ಕ್ಲಾಸಲ್ಲಿ ಚೀಟಿ ಫಂಡ್ ಲೆಕ್ಕ ಬಂತು. 20 ಜನ, ತಿಂಗಳಿಗೆ ಸಾವಿರ, ಮೊದಲನೇ ತಿಂಗಳು ಒಬ್ಬರು 6,000 ಬಿಟ್ಟು ಕೂಗಿ 14,000 ಎತ್ಕೊಂಡ್ರು. ಅವರಿಗೆ ಎಷ್ಟು ಬಡ್ಡಿ ಬಿತ್ತು, ಕೊನೇ ತಿಂಗಳು ಎತ್ತೋರಿಗೆ ಎಷ್ಟು ಲಾಭ ಅಂತ ಮೂರು ರೂಪಾಯಿ ಬಡ್ಡಿ ಹುಡುಗನ ತಮ್ಮ ಕೇಳ್ದ, ಈಗ ಅವನು ಹತ್ತನೇ ಕ್ಲಾಸು. ಬಿಟ್ಟ ದುಡ್ಡು ಇಪ್ಪತ್ತು ಜನಕ್ಕೂ ಹಂಚುತ್ತೆ, ತಿಂಗಳು ತಿಂಗಳಿಗೂ ಕೂಗೋದು ಬೇರೆ ಬೇರೆ, ಲೆಕ್ಕ ನನ್ನ ಕೈಗೆ ಸಿಗಲಿಲ್ಲ. ನನಗೆ ಬರ್ತಿಲ್ಲ ಕಣಪ್ಪಾ ಅಂತ ಹೇಳಿ ಗಣಿತದ ಸಾರನ್ನ ಕರೆದೆ. ಅವರು ಬಂದು ಎರಡು ಪೀರಿಯಡ್ ಕೂತ್ರು, ಹತ್ತನೇ ತಿಂಗಳವರೆಗೆ ಬಂದಿದೆ. ಬೋರ್ಡ್ ತುಂಬಿದೆ, ಕನ್ನಡ ಮಿಸ್ಸು ಪಕ್ಕದ ಕ್ಲಾಸಿಗೆ ಹೋಗಿ ಪಾಠ ಮಾಡ್ತಿದ್ದಾರೆ. ಮೇಲ್ಗಡೆ ಮೂಲೇಲಿ ಯಾರೋ ದೊಡ್ಡದಾಗಿ 'ಅಳಿಸಬೇಡಿ' ಅಂತ ಬರೆದಿದ್ದಾರೆ.